ಅಪ್ಪ ಹೇಳಿದ ದಿಕ್ಕು

ನಮ್ಮ ಮನೆಯಲ್ಲಿ ಸುಳ್ಳು ಹೇಳಿದರೆ ಏಟು ಬೀಳುತ್ತಿತ್ತು. ಒಂದೇ ಒಂದು ಸುಳ್ಳಿಗೆ ಮಾತ್ರ ಮಾಫಿ. ಮೀನು ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನಿಜ ಹೇಳುವಂತಿರಲಿಲ್ಲ. ಅಪ್ಪ ಹೊನ್ನಾವರ ಬಂದರಿನಲ್ಲಿ ಬಹಳ ವರ್ಷ ತಾಂಡೇಲನಾಗಿದ್ದವ. ತಾಂಡೇಲ ಎಂದರೆ ಬೋಟು ನಡೆಸುವವ, ಎಲ್ಲಿಗೆ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ತೀರ್ಮಾನಿಸುವವ. ಬುಟ್ಟಿಗಟ್ಟಲೆ ಬೊಂಡಾಸ ಮೀನು ಇಳಿಸುವಾಗ "ಎಲ್ಲಿ ಸಿಕ್ತು?" ಎಂದು ಪಕ್ಕದ ಬೋಟಿನವರು ಕೇಳಿದರೆ ಅಪ್ಪ ಮುಖ ಕೂಡ ಎತ್ತದೆ "ಕುಮಟೆ ಬದಿಗೆ" ಎನ್ನುತ್ತಿದ್ದ. ಅದು ಸುಳ್ಳೆಂದು ಕೇಳಿದವರಿಗೂ ಗೊತ್ತು. ನಾಳೆ ಅಪ್ಪ ಕೇಳಿದಾಗ ಅವರೂ ಹೀಗೇ ಹೇಳುವವರು. ಇದರಲ್ಲಿ ಯಾರಿಗೂ ಸಿಟ್ಟಿಲ್ಲ, ಬೇಸರವಿಲ್ಲ.

ನಿಜವಾದ ಜಾಗ ಇದ್ದದ್ದು ತೆಂಕಣಕ್ಕೆ, ಭಟ್ಕಳದ ಎದುರಿನ ಸಮುದ್ರದಲ್ಲಿ. ನೀರಿನಡಿಯಲ್ಲಿ ಒಂದು ಬಂಡೆ. ಮೇಲಿಂದ ನೋಡಿದರೆ ಎಲ್ಲ ಕಡೆಯ ಹಾಗೆ ಅಲ್ಲಿಯೂ ನೀರೇ. ಆದರೆ ಮೀನು ಬಂದು ಕೂಡುವುದು ಅಲ್ಲಿಯೇ. ಅಜ್ಜ ಹುಡುಕಿದ್ದಂತೆ. ಅಜ್ಜ ಅಪ್ಪನಿಗೆ ತೋರಿಸಿದ, ಅಪ್ಪ ನನ್ನ ಅಣ್ಣನಿಗೆ ತೋರಿಸಿದ. ಮನೆಯಲ್ಲಿ ಅದಕ್ಕೆ "ನಮ್ಮ ಕಲ್ಲು" ಎಂದೇ ಹೆಸರು. ನನಗೆ ಅದರ ಗುರುತು ಹೇಳಿಕೊಡಲಿಲ್ಲ. ಹೆಣ್ಣುಮಗಳು, ನಾಳೆ ಮದುವೆಯಾಗಿ ಹೋದರೆ ಗಂಡನ ಕಿವಿಯಲ್ಲಿ ಉಸುರಿಬಿಡುತ್ತಾಳೆ ಎಂಬ ಭಯ. ನಾನು ಮದುವೆಯಾಗಲಿಲ್ಲ, ಆ ಮನೆ ಬಿಟ್ಟು ಹೋಗಲೂ ಇಲ್ಲ. ಆದರೂ ಹೇಳಿಕೊಡಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಅಪ್ಪ ಕುಮಟೆ ಎಂದರೆ ಅದು ಭಟ್ಕಳ.

ನಾನು ಕಂಪ್ಯೂಟರ್ ಕಲಿತೆ. ಮೀನುಗಾರರ ಕಾಗದಪತ್ರ ನೋಡುವ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದೆ. ಮೊದಮೊದಲು ಬೆರಳಚ್ಚು ತೆಗೆದು ಗುರುತಿನ ಚೀಟಿ ಮಾಡಿಕೊಡುವ ಕೆಲಸ. ಬಲೆಯ ಹಗ್ಗ ಎಳೆದೂ ಎಳೆದೂ ಆ ಗಂಡಸರ ಬೆರಳುಗಳಲ್ಲಿ ಗೆರೆಯೇ ಉಳಿದಿರುತ್ತಿರಲಿಲ್ಲ. ಯಂತ್ರ ಅವರನ್ನು ಮನುಷ್ಯರೆಂದು ಒಪ್ಪುತ್ತಲೇ ಇರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಒತ್ತಿಸಿ ಸಾಕಾಗಿ ಹೋಗುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಪೆಟ್ಟಿಗೆ ಬಂತು.

ಉಪಗ್ರಹದ ಜೊತೆ ಮಾತಾಡುವ ಟ್ರಾನ್ಸ್‌ಪಾಂಡರ್ ಅದು. ನಾವೆಲ್ಲ ಪೆಟ್ಟಿಗೆ ಎಂದೇ ಕರೆದದ್ದು. ಬೋಟಿನ ಕ್ಯಾಬಿನ್ನಿನ ಮೇಲೆ ಕೂರಿಸಿದರೆ ಬೋಟು ಎಲ್ಲಿದೆ ಎಂಬುದು ನನ್ನ ಕಂಪ್ಯೂಟರಿನಲ್ಲಿ ಹಸಿರು ಚುಕ್ಕೆಯಾಗಿ ಕಾಣುತ್ತಿತ್ತು. ಗಾಳಿ ಬರುವುದಿದ್ದರೆ ನಾನು ಇಲ್ಲಿಂದ ಟೈಪ್ ಮಾಡಿದ ಸಂದೇಶ ನಡುಸಮುದ್ರದಲ್ಲಿ ಅವರ ಮೊಬೈಲಿಗೆ ಹೋಗುತ್ತಿತ್ತು. ಅಪಾಯವಾದರೆ ಅವರೊಂದು ಗುಂಡಿ ಒತ್ತಿದರೆ ಸಾಕು. ಮೊಬೈಲ್ ಟವರೇ ಇಲ್ಲದ ಕಡೆ ಇದೆಲ್ಲ ನಡೆಯುತ್ತದೆ ಎಂದು ತಿಳಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಹೋದ ಬೋಟು ಬಾರದಿದ್ದಾಗ ದಂಡೆಯ ಮೇಲೆ ಕೂತು ಕಾಯುವ ಹೆಂಗಸರನ್ನು ಕಂಡು ಬೆಳೆದವಳು ನಾನು. ಇನ್ನು ಹಾಗೆ ಕಾಯಬೇಕಾಗಿಲ್ಲ ಎಂದುಕೊಂಡೆ. ಎಂಥ ಪೆದ್ದಿ!

ಪೆಟ್ಟಿಗೆ ಹಂಚುವ ದಿನ ಕರಾವಳಿ ಭದ್ರತೆಯ ಸಾಹೇಬರೊಬ್ಬರು ಬಂದು ತಾಂಡೇಲರನ್ನೆಲ್ಲ ಕೂರಿಸಿ ಭಾಷಣ ಮಾಡಿದರು. ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಮೀನಿನ ಬೋಟಿನಲ್ಲಿಯೇ ಎಂದು ನೆನಪಿಸಿದರು. ಇನ್ನು ಮುಂದೆ ದೇಶದ ಕಣ್ಣಿಗೆ ಕಾಣುವ ಬೋಟು ನಮ್ಮದು, ಕಾಣದ ಬೋಟು ಶತ್ರುವಿನದು ಎಂದರು. ಗಾಳಿ, ಮಳೆ, ಜೀವದ ಮಾತು ಕೊನೆಯಲ್ಲಿ ಎರಡು ವಾಕ್ಯ ಬಂತು. ನಾನು ಪಕ್ಕದಲ್ಲಿ ನಿಂತು, ಈ ಚುಕ್ಕೆ ಕಚೇರಿಯವರಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ ಎಂದು ಭರವಸೆ ಕೊಟ್ಟೆ. ಹಿಂದಿನ ಸಾಲಿನಿಂದ ಒಬ್ಬ ತಾಂಡೇಲ, "ಕಚೇರೀಲಿ ಇರೂದು ನೀನೇ ಅಲ್ದಾ? ನಿನ್ನ ಅಣ್ಣಂಗೆ ಹೇಳೂಕೆ ಎಷ್ಟೊತ್ತು ಬೇಕು?" ಎಂದು ನಕ್ಕ. ಎಲ್ಲರೂ ನಕ್ಕರು. ಸಾಹೇಬರಿಗೆ ಎಂತಕ್ಕೆ ನಗುತ್ತಾರೆ ಎಂದು ತಿಳಿಯಲಿಲ್ಲ.

ನಾನು ಅಣ್ಣನಿಗೆ ಯಾವತ್ತೂ ಏನೂ ಹೇಳಿದವಳಲ್ಲ. ಆದರೆ ಒಂದು ದಿನ ಇನ್ನೊಂದು ಬೋಟಿನ ಮಾಲೀಕ ಅರ್ಜಿ ಕೊಡುವ ನೆಪದಲ್ಲಿ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ನಾನು ಅವನ ಕಾಗದಕ್ಕೆ ಠಸ್ಸೆ ಹುಡುಕುತ್ತಿದ್ದೆ, ಅವನು ಪರದೆಯನ್ನೇ ನೋಡುತ್ತಿದ್ದ. ಅದೇ ವಾರ ಇನ್ನೊಬ್ಬ ತಾಂಡೇಲ ಗುಟ್ಟಾಗಿಟ್ಟುಕೊಂಡಿದ್ದ ಜಾಗಕ್ಕೆ ಇವನ ಎರಡು ಬೋಟು ಹೋದವು. ಬಂದರಿನಲ್ಲಿ ಕೈ ಮಿಲಾಯಿಸುವವರೆಗೂ ಹೋಯಿತು. ಅವತ್ತಿನಿಂದ ಶುರುವಾದದ್ದು ಪಾತ್ರೆ ಮುಚ್ಚುವ ಪದ್ಧತಿ. ಬೋಟಿನಲ್ಲಿ ಅನ್ನ ಮಾಡುವ ದೊಡ್ಡ ಅಲ್ಯೂಮಿನಿಯಂ ಪಾತ್ರೆಯನ್ನು ಪೆಟ್ಟಿಗೆಯ ಮೇಲೆ ಬೋರಲು ಹಾಕಿದರೆ ಚುಕ್ಕೆ ಮಾಯ. ಮೀನು ಹಿಡಿದು ಮರಳುವಾಗ ಪಾತ್ರೆ ತೆಗೆದರೆ ಚುಕ್ಕೆ ಮತ್ತೆ ಹಾಜರು. ಇದನ್ನು ಯಾರು ಕಂಡುಹಿಡಿದರೋ, ಒಂದು ತಿಂಗಳಲ್ಲಿ ಇಡೀ ಬಂದರಿಗೆ ಗೊತ್ತಾಯಿತು.

ಅಣ್ಣ ಇನ್ನೂ ಒಂದು ಹೆಜ್ಜೆ ಮುಂದೆ. ಬಂದರಿನಿಂದ ಹೊರಟವ ಮೊದಲು ಬಡಗಣಕ್ಕೆ, ಕುಮಟೆಯ ದಿಕ್ಕಿಗೆ ಒಂದು ತಾಸು ಓಡಿಸುತ್ತಿದ್ದ. ಅಲ್ಲಿ ಪಾತ್ರೆ ಮುಚ್ಚಿ, ಆಮೇಲೆ ತಿರುಗಿ ತೆಂಕಣಕ್ಕೆ ನಮ್ಮ ಕಲ್ಲಿಗೆ ಹೋಗುತ್ತಿದ್ದ. ಹಳೆಯ ತಾಂಡೇಲರು ಕಣ್ಣಿಗೆ ಮಣ್ಣೆರಚಲು ಮಾಡುತ್ತಿದ್ದುದನ್ನೇ ಇವನು ಉಪಗ್ರಹಕ್ಕೆ ಮಾಡುತ್ತಿದ್ದ. ನಾನು ಜಗಳವಾಡಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ಪಾತ್ರೆ ಮುಚ್ಚಿದ್ರೆ ನಾ ಕಳ್ಸಿದ ಸಂದೇಶವೂ ಬರೂದಿಲ್ಲ ಅಣ್ಣ. ಗುಂಡಿ ಒತ್ತಿದ್ರೂ ಹೋಗೂದಿಲ್ಲ" ಎಂದೆ.

"ಗಾಳಿ ಬರೂದು ನಂಗೆ ನಿನ್ಕಿಂತ ಮೊದ್ಲು ಗೊತ್ತಾಗ್ತದೆ ತಂಗಿ," ಎಂದ ಅಣ್ಣ. "ನೀ ಆಫೀಸಲ್ಲಿ ಫ್ಯಾನ್ ಅಡೀಲಿ ಕೂತವಳು."

"ಮುಚ್ಕಂಡು ಹೋಗ್ಲಿ ಬಿಡು," ಎಂದ ಅಪ್ಪ. "ಕಲ್ಲು ಹೋದ್ರೆ ಮತ್ತೆ ಎಂತ ಉಳೀತದೆ?"

ಅತ್ತಿಗೆ ಅಣ್ಣನಿಗೆ ಇನ್ನೊಂದು ತುಂಡು ಮೀನು ಬಡಿಸಿದಳು.

ಚುಕ್ಕೆ ಮಾಯವಾದಾಗಲೆಲ್ಲ ನಾನು ಕಾರಣ ಬರೆಯಬೇಕಿತ್ತು. ಅಣ್ಣನ ಬೋಟಿಗಷ್ಟೇ ಅಲ್ಲ, ಎಲ್ಲ ಬೋಟುಗಳಿಗೂ "ಬ್ಯಾಟರಿ ದೋಷ" ಎಂದು ಬರೆದೆ. ಒಂದು ವರ್ಷದಲ್ಲಿ ನಮ್ಮ ಬಂದರಿನಷ್ಟು ಕೆಟ್ಟ ಬ್ಯಾಟರಿ ಬೇರೆಲ್ಲೂ ಇರಲಿಕ್ಕಿಲ್ಲ. ಮೇಲಿನವರು ಯಾರೂ ಕೇಳಲಿಲ್ಲ. ಸಮುದ್ರವನ್ನು ಕಾಯುತ್ತಿದ್ದೇವೆ ಎಂದು ಅವರು ತಿಳಿದಿದ್ದರು, ಕಲ್ಲನ್ನು ಕಾಯುತ್ತಿದ್ದೇವೆ ಎಂದು ನಾವು ತಿಳಿದಿದ್ದೆವು.

ಒಂದು ಚುಕ್ಕೆ ಮಾತ್ರ ಎಂದೂ ಮಾಯವಾಗುತ್ತಿರಲಿಲ್ಲ. ಅದು ಭಟ್ಕಳದ ಸಾಯ್ಬರೊಬ್ಬರ ಬೋಟು. ನಮ್ಮಲ್ಲಿ ಮುಸ್ಲಿಮರನ್ನು ಹಾಗೆ ಕರೆಯುವುದು. ಅಪ್ಪನಿಗಿಂತ ಸ್ವಲ್ಪ ಸಣ್ಣ ಪ್ರಾಯ, ಬೋಟಿನ ಮಾಲೀಕರೂ ಅವರೇ, ತಾಂಡೇಲರೂ ಅವರೇ. ಅವರ ಬೋಟಿಗೆ ಪೆಟ್ಟಿಗೆ ಕೂರಿಸಲು ನಾನು ಭಟ್ಕಳಕ್ಕೆ ಹೋಗಿದ್ದೆ. "ಇದು ಎಲ್ಲಾರ ಬೋಟಿಗೂ ಹಾಕೂದಾ ತಂಗಿ, ನಮ್ಗೆ ಮಾತ್ರವಾ?" ಎಂದು ಕೇಳಿದ್ದರು. ಎಲ್ಲರಿಗೂ ಎಂದೆ. "ಹಾಗಾದ್ರೆ ಆತು" ಎಂದು ಚಹಾ ತರಿಸಿದರು. ಆಮೇಲೊಮ್ಮೆ ಕಚೇರಿಗೆ ಬಂದಾಗ, ನೀವು ಪಾತ್ರೆ ಮುಚ್ಚುವುದಿಲ್ಲವೇ ಎಂದು ತಮಾಷೆಗೆ ಕೇಳಿದೆ. ಅವರು ನಗಲಿಲ್ಲ. "ಹೊನ್ನಾವರದ ಬೋಟು ಕಾಣ್ದೇ ಹೋದ್ರೆ ಬ್ಯಾಟರಿ ಹಾಳಾತು ಅಂತ ಬರೀತೆ ನೀನು. ನಂದು ಒಂದು ತಾಸು ಕಾಣ್ದಿದ್ರೆ ಮನೆಗೆ ಪೊಲೀಸ್ರು ಬರ್ತಾರೆ" ಎಂದರು. ನನಗೆ ನಾಚಿಕೆಯಾಯಿತು.

ದೀಪಾವಳಿಗೆ ಕೆಲವೇ ದಿನ ಇರುವಾಗ ಅಣ್ಣ ಮೂವರು ಕೆಲಸಗಾರರನ್ನು ಕರೆದುಕೊಂಡು ಹೋದ. ಬೆಳಿಗ್ಗೆ ಎಂಟರ ಸುಮಾರಿಗೆ ಅವನ ಚುಕ್ಕೆ ಕುಮಟೆಯ ಎದುರು ಮಾಯವಾಯಿತು. ನಾನು ಎಂದಿನಂತೆ ನೋಡಿ ಸುಮ್ಮನಾದೆ. ಹನ್ನೊಂದಕ್ಕೆ ಗಾಳಿಯ ಎಚ್ಚರಿಕೆ ಬಂತು, ಎಲ್ಲ ಬೋಟುಗಳೂ ಕೂಡಲೇ ದಡಕ್ಕೆ ಬರಬೇಕೆಂದು. ನಾನೇ ಅದನ್ನು ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದೆ. ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂದು ಯಂತ್ರ ತೋರಿಸುತ್ತದೆ. ಅಣ್ಣನ ಬೋಟಿನ ಮುಂದೆ ತಲುಪಿಲ್ಲ ಎಂದಿತ್ತು. ಮತ್ತೆ ಕಳಿಸಿದೆ. ಮತ್ತೆ ಕಳಿಸಿದೆ. ಎಷ್ಟು ಸಲ ಕಳಿಸಿದೆನೋ, ಪಕ್ಕದ ಮೇಜಿನವ ಬಂದು ನನ್ನ ಕೈ ಹಿಡಿದು ನಿಲ್ಲಿಸಿದ. ಸಂಜೆಯೊಳಗೆ ಉಳಿದ ಬೋಟುಗಳೆಲ್ಲ ಬಂದವು. ಅಣ್ಣನದು ಬರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನನ್ನು ಕಚೇರಿಗೆ ಕರೆಸಿದರು. ಭದ್ರತೆಯ ಸಾಹೇಬರು ವೀಡಿಯೋ ಕರೆಯಲ್ಲಿದ್ದರು, ನಾನು ಕಂಪ್ಯೂಟರಿನ ಮುಂದೆ. ಹುಡುಕಲು ತಾವೂ ಹೊರಡುತ್ತೇವೆಂದು ಬಂದಿದ್ದ ಆರೇಳು ತಾಂಡೇಲರು ಅಪ್ಪನ ಹಿಂದೆ ಗುಂಪಾಗಿ ನಿಂತಿದ್ದರು. ಅವರ ಮುಖದಲ್ಲಿ ನಿಜವಾದ ಆತಂಕವಿತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಕೊನೆಯ ಚುಕ್ಕೆ ಕುಮಟೆಯ ಎದುರು ಇದೆ, ಅಲ್ಲಿಂದ ಎಲ್ಲಿಗೆ ಹೋಗಿರಬಹುದು ಎಂದು ಸಾಹೇಬರು ಕೇಳಿದರು.

ಅಪ್ಪ ಒಮ್ಮೆ ಹಿಂದೆ ತಿರುಗಿ ತಾಂಡೇಲರನ್ನು ನೋಡಿದ. "ಕುಮಟೆ ಬದಿಗೇ ಸಾಹೇಬ್ರೆ," ಎಂದ. "ಹಿರೇಗುತ್ತಿ ನೇರಕ್ಕೆ, ಪಡುವಣಕ್ಕೆ."

ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದ, ಕಣ್ಣು ಕೆಳಗೆ ಹಾಕಿದ. ಅದು ಸುಳ್ಳೆಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಅಪ್ಪನಿಗೂ ಗೊತ್ತಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಇವರೆಲ್ಲ ಹೊರಗೆ ಹೋಗುತ್ತಾರೆ, ಆಗ ಅಪ್ಪ ನನ್ನೊಬ್ಬಳಿಗೆ ನಿಜ ಹೇಳುತ್ತಾನೆ, ಆಗ ತಿದ್ದಿದರಾಯಿತು ಎಂದುಕೊಂಡೆ. "ಇರಬಹುದಾದ ಜಾಗ" ಎಂಬ ಖಾನೆಯಲ್ಲಿ ಅಪ್ಪ ಹೇಳಿದ್ದನ್ನೇ ಟೈಪ್ ಮಾಡಿ ಕಳಿಸಿದೆ.

ಅರ್ಧ ಗಂಟೆಯಲ್ಲಿ ಕಾವಲು ಹಡಗು ಕುಮಟೆಯ ಎದುರಿಗೆ ತಿರುಗಿತು. ದಂಡೆಯಿಂದ ಡ್ರೋನ್ ಹಾರಿಸಿದರು. ತೆಂಕಣದಿಂದ ಒಂದು ವಿಮಾನ ಬಂತು. ನಮ್ಮ ಬಂದರಿನ ಬೋಟುಗಳು, ಭಟ್ಕಳದ ಬೋಟುಗಳು, ಎಲ್ಲವೂ ಬಡಗಣಕ್ಕೆ. ಇಷ್ಟೊಂದು ಯಂತ್ರಗಳು ನಾಲ್ವರು ಮೀನುಗಾರರಿಗಾಗಿ ಹೊರಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಎಲ್ಲವೂ ನಾನು ಟೈಪ್ ಮಾಡಿದ ಒಂದು ಸಾಲಿನ ಬೆನ್ನು ಹತ್ತಿ ಹೋದವು.

ಅಪ್ಪ ನನಗೆ ಹೇಳಲಿಲ್ಲ. ಬಂದರಿನ ಕಟ್ಟೆಯ ಮೇಲೆ ಹೋಗಿ ಕೂತ. ಎರಡು ಸಲ ಹೋಗಿ ಪಕ್ಕದಲ್ಲಿ ನಿಂತೆ. ಎರಡು ಸಲವೂ ಯಾರಾದರೂ ಸಮಾಧಾನ ಹೇಳುವವರು ಅಲ್ಲಿದ್ದರು, ನಾನು ಹಿಂದೆ ಬಂದೆ. ಕೇಳಲು ಯಾಕೆ ಹೆದರಿದೆನೋ. ಮಧ್ಯಾಹ್ನ ಕಳೆದು ನಾಲ್ಕಾದ ಮೇಲೆ ಅತ್ತಿಗೆ ಮನೆಯಿಂದ ನಡೆದು ಬಂದಳು. ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಪ್ಪನ ಎದುರು ನಿಂತು, "ಮಾವ, ಅವ್ರು ಕುಮಟೆಗೆ ಹೋಗ್ಲಿಲ್ಲ. ನಿಮ್ಗೂ ಗೊತ್ತದೆ, ನಂಗೂ ಗೊತ್ತದೆ" ಎಂದಳು. ಅಷ್ಟು ಜನರ ಎದುರು ಅವಳು ಅಪ್ಪನೊಡನೆ ದನಿಯೆತ್ತಿ ಮಾತಾಡಿದ್ದು ಅದೊಂದೇ ಸಲ. ಅಪ್ಪ ಎದ್ದು ನನ್ನ ಜೊತೆ ಕಚೇರಿಗೆ ಬಂದ. ಬಾಗಿಲು ಹಾಕು ಎಂದ. ಬಾಗಿಲು ಹಾಕಿದ ಮೇಲೆ ಹೇಳಿದ.

ಆದರೆ ಅಪ್ಪನ ಬಳಿ ಇದ್ದದ್ದು ಹಳೆಯ ಗುರುತು. ಇಂಥ ಗುಡ್ಡದ ಭುಜ ಇಂಥ ಗೋಪುರದ ಮೇಲೆ ಬರಬೇಕು, ಇನ್ನೊಂದು ಗುಡ್ಡ ಅರ್ಧ ಮುಚ್ಚಿರಬೇಕು, ಆಳ ಇಷ್ಟು ಮಾರು. ಫೋನಿನಲ್ಲಿ ಸಾಹೇಬರು ಅಕ್ಷಾಂಶ, ರೇಖಾಂಶ ಕೇಳುತ್ತಿದ್ದರು. ನಕಾಶೆಯ ಮೇಲೆ ಗುಡ್ಡ ಹುಡುಕಿ, ಗೋಪುರ ಹುಡುಕಿ, ಗೆರೆ ಎಳೆದು ಲೆಕ್ಕ ಹಾಕುವಷ್ಟರಲ್ಲಿ ಕತ್ತಲಾಗುತ್ತಿತ್ತು. ವಿಮಾನ ಬೆಳಕು ಹರಿದ ಮೇಲೆ ಹೊರಡುತ್ತದೆ ಎಂದರು. ಗೆರೆಗಳು ಕೂಡಿದ ಜಾಗವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಅಲ್ಲಿ ಒಂದು ಬೋಟು ಹಿಂದೆ ಎಷ್ಟೋ ಸಲ ಬಂದು ನಿಂತು ಹೋದ ಗುರುತುಗಳಿದ್ದವು, ತಿಂಗಳುಗಟ್ಟಲೆಯವು. ಭಟ್ಕಳದ ಸಾಯ್ಬರ ಬೋಟು. ನಮ್ಮ ಕಲ್ಲು ಒಂದು ವರ್ಷದಿಂದ ನನ್ನ ಕಣ್ಣೆದುರಿನ ಪರದೆಯಲ್ಲೇ ಇತ್ತು, ನನಗೆ ತಿಳಿದಿರಲಿಲ್ಲ ಅಷ್ಟೇ.

ಅವರಿಗೆ ಫೋನ್ ಮಾಡಿದೆ. ದಿನವಿಡೀ ಬಡಗಣದಲ್ಲಿ ಹುಡುಕಿ ಆಗಷ್ಟೇ ಭಟ್ಕಳಕ್ಕೆ ಮರಳಿದ್ದರು. ಜಾಗ ಹೇಳಿದೆ. "ಡೀಸೆಲ್ ಹಾಕ್ಸಿ ಹೊರಡ್ತೆ" ಎಂದು ಇಟ್ಟುಬಿಟ್ಟರು.

ಬೆಳಗಾದ ಮೇಲೆ ಸಾಯ್ಬರಿಗೇ ಸಿಕ್ಕಿದರು. ಬೋಟು ಮಗುಚಿತ್ತು. ಬಲೆಯ ತೇಲುಗಳನ್ನು ಒಟ್ಟುಗೂಡಿಸಿ ಕಟ್ಟಿಕೊಂಡು ಮೂವರೂ ಕೆಲಸಗಾರರು ಜೀವದಿಂದಿದ್ದರು. ಅಣ್ಣನನ್ನು ಅವರು ಅದೇ ಹಗ್ಗಕ್ಕೆ ಕಟ್ಟಿಕೊಂಡಿದ್ದರು, ತೇಲಿ ಹೋಗದ ಹಾಗೆ. ನಾವು ಭಟ್ಕಳ ಬಂದರಿಗೆ ಹೋದಾಗ ಅವರಲ್ಲೊಬ್ಬ ತುಟಿ ಬಿರಿದು ರಕ್ತ ಬರುತ್ತಿದ್ದರೂ ನನ್ನ ಕೈ ಹಿಡಿದು ಹೇಳಿದ: "ನಿನ್ನೆ ಸಂಜೆವರೆಗೂ ಮಾತಾಡ್ತಿದ್ದ ಅಕ್ಕಾ. ನಿನ್ನೆ ಬೆಳಿಗ್ಗೆ ಒಂದು ವಿಮಾನ ನಮ್ಮ ಮೇಲಿಂದ್ಲೇ ಬಡಗಣಕ್ಕೆ ಹೋತು. ತಿರುಗಿ ಬರ್ತದೆ, ಅಪ್ಪಂಗೆ ಜಾಗ ಗೊತ್ತದೆ ಅಂತ ಹೇಳ್ತಾನೇ ಇದ್ದ."

ಸಾಯ್ಬರು ದೂರದಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತಿದ್ದರು. ನಾನು ಹತ್ತಿರ ಹೋದೆ. "ಆ ಕಲ್ಲು ನಂಗೂ ಗೊತ್ತಿತ್ತು ತಂಗಿ, ನನ್ನ ಅಪ್ಪನ ಕಾಲದಿಂದ," ಎಂದರು. "ನಿಮ್ಮವ್ರ ಬೋಟು ಅಲ್ಲಿ ಇದ್ರೆ ನಾವು ದೂರದಿಂದ್ಲೇ ತಿರುಗಿ ಬರ್ತಿದ್ವು. ನಿನ್ನೆ ಬೆಳಿಗ್ಗೆ ಮೊದ್ಲು ಅಲ್ಲಿಗೇ ಹೋಗ್ವಾ ಅಂತ ಮಾಡಿದ್ದೆ. ವೈರ್‌ಲೆಸ್ಸಲ್ಲಿ ಕುಮಟೆ ಅಂದ್ರು. ಅವ್ನ ಅಪ್ಪನೇ ಹೇಳಿದ್ದು ಅಂದ್ರು. ಅಪ್ಪ ಹೇಳಿದ ಮೇಲೆ ನಾ ಯಾರು?" ಹೇಳುತ್ತಾ ಹೇಳುತ್ತಾ ಅವರು ಅತ್ತುಬಿಟ್ಟರು.

ಆಮೇಲಿನದು ಕಾಗದದ ಕೆಲಸ. ಹೆಣ ಮನೆಗೆ ಬಂದು ಹದಿನಾಲ್ಕು ದಿನವೂ ಕಳೆದಿರಲಿಲ್ಲ, ಇಬ್ಬರು ಅಧಿಕಾರಿಗಳು ಬಂದು ಅತ್ತಿಗೆಯ ಎದುರು ಒಂದು ಪಟ್ಟಿ ಇಟ್ಟರು. ಒಂದು ವರ್ಷದಲ್ಲಿ ಅಣ್ಣನ ಚುಕ್ಕೆ ಮಾಯವಾದ ದಿನಗಳೆಲ್ಲ ಅದರಲ್ಲಿದ್ದವು. ಪಕ್ಕದಲ್ಲಿ ನಾನು ಬರೆದ ಬ್ಯಾಟರಿ ದೋಷ. ಇದು ದೇಶದ ಭದ್ರತೆಯ ವಿಷಯ, ಗಂಡ ಸಮುದ್ರದಲ್ಲಿ ಹೊರಗಿನವರನ್ನು ಯಾರನ್ನಾದರೂ ಭೇಟಿಯಾಗುತ್ತಿದ್ದನೇ, ಮನೆಗೆ ಹೊಸ ಫೋನು ತಂದಿದ್ದನೇ ಎಂದು ಕೇಳಿದರು. ಒರಟಾಗಿ ಕೇಳಲಿಲ್ಲ, ಅವರ ಕೆಲಸ ಅವರು ಮಾಡಿದರು. ಅತ್ತಿಗೆ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟಳು: "ಅವ್ರು ಬೊಂಡಾಸ ಹಿಡೀತಿದ್ರು." ಅವರು ಅದನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಸತ್ತವನ ಮೇಲೆ ಬಂದ ಸಂಶಯ ಹೋಗಲು ಇನ್ನೂ ಎಷ್ಟೋ ತಿಂಗಳು ಬೇಕಾಯಿತು. ನನಗೆ ನೋಟಿಸು ಬಂತು, ಕಂಪ್ಯೂಟರಿನಿಂದ ಎಬ್ಬಿಸಿ ಟಪಾಲಿನ ಮೇಜಿಗೆ ಹಾಕಿದರು. ಪೆಟ್ಟಿಗೆ ಮುಚ್ಚಿದರೆ ಪರವಾನಗಿ ರದ್ದು ಎಂದು ಸುತ್ತೋಲೆ ಹೊರಟಿತು. ಅದನ್ನು ಬಂದರಿನಲ್ಲಿ ಓದಿ ಹೇಳುವ ಕೆಲಸ ಮಾತ್ರ ನನಗೇ ಬಂತು. ಓದಿದೆ. ತಾಂಡೇಲರು ತಲೆ ಬಗ್ಗಿಸಿ ಕೇಳಿದರು. ಬೋಟುಗಳಲ್ಲಿ ಪಾತ್ರೆಗಳು ಈಗಲೂ ಕ್ಯಾಬಿನ್ನಿನ ಹತ್ತಿರವೇ ಇರುತ್ತವೆ ಎಂದು ಬೋಟಿಗೆ ಹೋಗುವ ಅತ್ತಿಗೆಯ ತಮ್ಮ ಹೇಳುತ್ತಾನೆ.

ಅಪ್ಪ ಮಾತು ಬಿಟ್ಟಿದ್ದ. ವರ್ಷಾಂತಿಕ ಮುಗಿದ ಮರುದಿನ ನಾನು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹತ್ತಿರ ಬಂದು ಕೂತ. "ಅವತ್ತು ಗೆರೆ ಎಳ್ದು ಬರ್ದದ್ದು ನಿಮ್ಮ ಕಂಪ್ಯೂಟರಲ್ಲಿ ಇನ್ನೂ ಅದ್ಯಾ? ಅಳ್ಸೂಕೆ ಬತ್ತದ್ಯಾ?" ಎಂದು ಕೇಳಿದ.

ಒಂದು ವರ್ಷ ಹಿಡಿದಿಟ್ಟದ್ದೆಲ್ಲ ಹೊರಗೆ ಬಂತು. ಆ ಕಲ್ಲು ಭಟ್ಕಳದವರಿಗೆ ಎರಡು ತಲೆಮಾರಿನಿಂದ ಗೊತ್ತಿದೆ ಎಂದೆ. ಯಾರಿಗೂ ಗೊತ್ತಾಗಬಾರದೆಂದು ನೀನು ಮಗನನ್ನೇ ಕೊಂದೆ ಎಂದೆ. ಆ ಮಾತನ್ನು ಹಾಗೆಯೇ, ಅಷ್ಟೇ ಗಟ್ಟಿಯಾಗಿ ಹೇಳಿದೆ. ಒಳಗಿದ್ದ ಅತ್ತಿಗೆ ಹೊರಗೆ ಬರಲಿಲ್ಲ.

ಅಪ್ಪ ಕೋಪಗೊಳ್ಳಲಿಲ್ಲ. ಮುಖ ಎತ್ತಿ ನನ್ನನ್ನು ನೇರವಾಗಿ ನೋಡಿ, ಮೆಲ್ಲಗೆ ಕೇಳಿದ: "ನಾ ಕುಮಟೆ ಅಂದಾಗ ಅದು ಸುಳ್ಳು ಅಂತ ಆ ಕೋಣೇಲಿ ನಿಂಗೆ ಒಬ್ಳಿಗೆ ಗೊತ್ತಿತ್ತು. ನೀ ಎಂತಕೆ ಬರ್ದೆ?"

ಉತ್ತರ ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಹಿಂದೆ ತಾಂಡೇಲರು ನಿಂತಿದ್ದರು. ನನಗೆ ಯಾರೂ ತೋರಿಸದ ಆ ಕಲ್ಲು ಅವರಿಗೆ ತಿಳಿಯಬಾರದೆಂದು ನಾನೂ ಬಯಸಿದ್ದೆ.